ಅರವತ್ತು ಸೆಕೆಂಡಿನ ಅಂಜಿಕೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆಗೆ ಹೊರಟರೆ ದಾರಿಯಲ್ಲಿ ಕಪನೂರ ಸಿಗುತ್ತದೆ. ಕೈಗಾರಿಕಾ ಪ್ರದೇಶ. ದಾಲ್ ಮಿಲ್ಲುಗಳು, ತಗಡಿನ ಶೆಡ್ಡುಗಳು, ಸಾಲುಗಟ್ಟಿ ನಿಂತ ಲಾರಿಗಳು. ಹಗಲಲ್ಲಿ ಇಲ್ಲಿ ಅಂಜುವಂಥದ್ದು ಏನೂ ಇಲ್ಲ. ರಾತ್ರಿ ಯಂತ್ರಗಳು ನಿಂತ ಮೇಲೆ, ಯಾರೂ ಇಲ್ಲದ ಶೆಡ್ಡಿನ ಮಾಡು ಒಮ್ಮೆ 'ಟಕ್' ಎಂದರೆ ಮಾತ್ರ ಕಾವಲಿಗೆ ಕುಳಿತವರ ಕಿವಿ ನಿಮಿರುತ್ತದೆ. ಬಿಸಿಲಿಗೆ ಹಿಗ್ಗಿದ ತಗಡು ಇರುಳಿಗೆ ಕುಗ್ಗುವ ಸದ್ದು ಅದು. 10 ಮೀಟರ್ ಉದ್ದದ ಉಕ್ಕಿನ ತಗಡು 30 ಡಿಗ್ರಿ ತಣ್ಣಗಾದರೆ ಸುಮಾರು ಮೂರೂವರೆ ಮಿಲಿಮೀಟರ್ ಕುಗ್ಗುತ್ತದೆ. ಎದೆ ಝಲ್ಲೆನ್ನಲು ಆ ಮೂರೂವರೆ ಮಿಲಿಮೀಟರ್ ಸಾಕು.

ಇಂಥ ಶೆಡ್ಡೊಂದರಲ್ಲಿ ನಾಲ್ವರು ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಪ್ರಾಜೆಕ್ಟಿಗಾಗಿ ಹಾರರ್ ಸಿನಿಮಾವೊಂದರ ಟೀಸರ್ ಮಾಡಲು ಹೊರಟಿದ್ದಾರೆ ಎಂದುಕೊಳ್ಳೋಣ. ಕೈಯಲ್ಲಿರುವುದು ಒಂದು ಮೊಬೈಲ್ ಫೋನು, ಒಂದು ಟಾರ್ಚು, ಮನೆಯಿಂದ ತಂದ ಕನ್ನಡಿ. ಅವಧಿ 60 ಸೆಕೆಂಡು. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಒಟ್ಟು 1,440 ಚೌಕಟ್ಟುಗಳು. ಇಷ್ಟರಲ್ಲಿ ನೋಡುವವರನ್ನು ಅಂಜಿಸಬೇಕು. ಮೇಲ್ನೋಟಕ್ಕೆ ಇದು ಕಲೆಯ ಕೆಲಸ. ಮಾಡಲು ಕೂತರೆ ಇದು ಭೌತವಿಜ್ಞಾನ, ಜೀವವಿಜ್ಞಾನ, ಮನೋವಿಜ್ಞಾನ ಮೂರೂ ಕೂಡಿದ ಪ್ರಯೋಗಶಾಲೆ. ಅಂಜಿಕೆಯನ್ನು ಕೈಯಾರೆ ಕಟ್ಟಿದವರಿಗೆ ಅದನ್ನು ಬಿಚ್ಚುವುದೂ ತಿಳಿಯುತ್ತದೆ ಎಂಬುದೇ ಈ ಪ್ರಾಜೆಕ್ಟಿನ ನಿಜವಾದ ಫಲ.

ತೋರಿಸದೇ ಇರುವ ಕಲೆ

ಟ್ರೇಲರ್ ಕಥೆಯ ಸುಳಿವು ಕೊಡುತ್ತದೆ; ಟೀಸರ್ ಕುತೂಹಲವನ್ನಷ್ಟೇ ಕೆರಳಿಸಿ ಬಿಡುತ್ತದೆ. 1913ರಲ್ಲಿ ನ್ಯೂಯಾರ್ಕಿನಲ್ಲಿ ನಿಲ್ಸ್ ಗ್ರಾನ್‌ಲುಂಡ್ ಎಂಬವರು ಸಂಗೀತ ನಾಟಕವೊಂದರ ಪ್ರಚಾರಕ್ಕೆಂದು ಮಾಡಿದ ಕಿರುಚಿತ್ರವನ್ನು ಮೊದಲ ಟ್ರೇಲರ್ ಎಂದು ಗುರುತಿಸುತ್ತಾರೆ. ಆಗ ಇವುಗಳನ್ನು ಸಿನಿಮಾ ಮುಗಿದ ಮೇಲೆ, ಅದರ ಬಾಲದಂತೆ ತೋರಿಸುತ್ತಿದ್ದರು. ಟ್ರೇಲರ್ ಎಂಬ ಹೆಸರು ಬಂದದ್ದೇ ಹಾಗೆ.

ಹಣವಿಲ್ಲದವರಿಗೆ ಹಾರರ್ ಒಲಿದಷ್ಟು ಬೇರೆ ಬಗೆಯ ಸಿನಿಮಾ ಒಲಿದಿಲ್ಲ. ಫ್ಲಾರಿಡಾದ ವಿಶ್ವವಿದ್ಯಾಲಯವೊಂದರಲ್ಲಿ ಸಿನಿಮಾ ಓದಿದ್ದ ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೊ ಸಾಂಚೆಸ್ 1997ರ ಅಕ್ಟೋಬರಿನಲ್ಲಿ ಎಂಟು ದಿನ ಕಾಡಿನಲ್ಲಿ ಚಿತ್ರೀಕರಿಸಿದ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' 1999ರಲ್ಲಿ ಜಗತ್ತನ್ನೇ ನಡುಗಿಸಿತು. ಆ ಚಿತ್ರದಲ್ಲಿ ಮಾಟಗಾತಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಸಿಕ್ಕ ಕ್ಯಾಮೆರಾದೊಳಗಿನ ದೃಶ್ಯ ಎಂಬಂತೆ ಕಥೆ ಹೇಳುವ ಅದೇ ಬಗೆಯಲ್ಲಿ ಕನ್ನಡದಲ್ಲಿ 2013ರಲ್ಲಿ '6-5=2' ಬಂತು.

ಆದರೆ ಕಾಣಿಸದೆ ಅಂಜಿಸುವ ಪಾಠಕ್ಕೆ ನಾವು ಫ್ಲಾರಿಡಾಕ್ಕೆ ಹೋಗಬೇಕಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡದ್ದನ್ನು ಹಿರಿಯರು ಮರೆತಿಲ್ಲ. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬರಹ ಓದಿ ಮರಳುತ್ತದೆ, ಮರುದಿನವೂ ಅದನ್ನೇ ಓದಿ ಮರಳುತ್ತದೆ ಎಂಬ ಕಥೆ. ಅದರ ರಚನೆಯನ್ನು ಗಮನಿಸಿ. ದೆವ್ವದ ರೂಪದ ಬಗ್ಗೆ ಒಂದು ಮಾತಿಲ್ಲ. ಇರುವುದು ಕತ್ತಲು, ಮುಚ್ಚಿದ ಬಾಗಿಲು, ಗುರುತಿನ ದನಿ, ಎರಡು ಪದದ ಬರಹ. ಉಳಿದದ್ದನ್ನು ಕೇಳುಗರ ಮಿದುಳೇ ತುಂಬಿಕೊಂಡಿತು. ಒಳ್ಳೆಯ ಟೀಸರಿಗೆ ಇದಕ್ಕಿಂತ ಉತ್ತಮ ಮಾದರಿ ಬೇರೆ ಬೇಕಿಲ್ಲ.

ಬೆಚ್ಚುವುದು ಮೊದಲು, ತಿಳಿಯುವುದು ಆಮೇಲೆ

ಹಠಾತ್ತನೆ ದೊಡ್ಡ ಸದ್ದಾದರೆ ನಾವು ಬೆಚ್ಚುತ್ತೇವೆ. ರೆಪ್ಪೆ ಮುಚ್ಚುತ್ತದೆ, ಭುಜ ಮೇಲೇಳುತ್ತದೆ, ಕತ್ತು ಒಳಸರಿಯುತ್ತದೆ, ಬಾಯಿಂದ 'ಯವ್ವಾ' ಹೊರಡುತ್ತದೆ. ಸದ್ದು ಕಿವಿ ಮುಟ್ಟಿದ 30ರಿಂದ 50 ಮಿಲಿಸೆಕೆಂಡಿನಲ್ಲಿ ರೆಪ್ಪೆಯ ಸ್ನಾಯು ಬಿಗಿಯತೊಡಗುತ್ತದೆ. ಸಿನಿಮಾದ ಒಂದು ಚೌಕಟ್ಟಿನ ಆಯುಷ್ಯ ಸುಮಾರು 42 ಮಿಲಿಸೆಕೆಂಡು. ಎಂದರೆ ತೆರೆಯ ಮೇಲೆ ಒಂದೆರಡು ಚೌಕಟ್ಟು ದಾಟುವಷ್ಟರಲ್ಲಿ ದೇಹ ಪ್ರತಿಕ್ರಿಯಿಸಿ ಆಗಿರುತ್ತದೆ. ಅದು ಬಾಗಿಲೋ ಬೆಕ್ಕೋ ಎಂದು ಮನಸ್ಸು ಗುರುತಿಸುವುದು ಆಮೇಲೆ. ಈ ಪ್ರತಿಕ್ರಿಯೆ ಮಿದುಳಿನ ಕಾಂಡದ ಮಟ್ಟದಲ್ಲೇ ನಡೆಯುತ್ತದೆ. ಆದ್ದರಿಂದಲೇ ಧೈರ್ಯವಂತರೂ ಬೆಚ್ಚುತ್ತಾರೆ.

ಬೆಚ್ಚಿಸಲು ಸದ್ದು ಜೋರಾಗಿದ್ದರಷ್ಟೇ ಸಾಲದು, ಹಠಾತ್ತನೆ ಏರಬೇಕು. ನಿಧಾನಕ್ಕೆ ಏರಿದ ಗುಡುಗಿಗಿಂತ ಪಕ್ಕದಲ್ಲಿ ಒಡೆದ ಬಲೂನು ಹೆಚ್ಚು ಬೆಚ್ಚಿಸುವುದು ಇದೇ ಕಾರಣಕ್ಕೆ. ಇದರ ಜೊತೆಗೆ ಸಂಕಲನಕಾರರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯಿದೆ. ದೊಡ್ಡ ಸದ್ದಿಗೆ ಸುಮಾರು ನೂರು ಮಿಲಿಸೆಕೆಂಡು ಮೊದಲು ಚಿಕ್ಕದೊಂದು ಸದ್ದು ಕೇಳಿದರೆ ಬೆಚ್ಚುವಿಕೆ ಗಮನಾರ್ಹವಾಗಿ ತಗ್ಗುತ್ತದೆ. ಮಿದುಳು ಆ ಚಿಕ್ಕ ಸದ್ದನ್ನು ಸಂಸ್ಕರಿಸುತ್ತಿರುವಾಗ ಮುಂದಿನದ್ದಕ್ಕೆ ತಡೆ ಬೀಳುತ್ತದೆ. ಹಿನ್ನೆಲೆಯ ಸದ್ದು ಆ ಕ್ಷಣದಲ್ಲಿ ಪಕ್ಕನೆ ನಿಂತರೂ ಪರಿಣಾಮ ಅದೇ. ಆದ್ದರಿಂದ ಟೀಸರಿನಲ್ಲಿ ಮೌನವನ್ನು ಕತ್ತರಿಸಿ ಇಡಬಾರದು. ಮೂರು ನಾಲ್ಕು ಸೆಕೆಂಡು ಮೊದಲೇ ಸದ್ದು ಇಳಿಯುತ್ತ ಬಂದು, ಕೇಳುವವರಿಗೆ ಗೊತ್ತಾಗದಂತೆ ಮೌನದಲ್ಲಿ ಕರಗಬೇಕು. ಹೊಡೆತಕ್ಕೆ ಮುಂಚಿನ ಹನ್ನೆರಡು ಚೌಕಟ್ಟುಗಳಲ್ಲಿ ಒಂದು ಬಳೆಯ ಸದ್ದೂ ಇರಬಾರದು.

ಕತ್ತಲು ಈ ಬೆಚ್ಚುವಿಕೆಯನ್ನು ಹೆಚ್ಚಿಸುತ್ತದೆ. ಮನುಷ್ಯರು ಬೆಳಕಿಗಿಂತ ಕತ್ತಲಲ್ಲಿ ಹೆಚ್ಚು ಬೆಚ್ಚುತ್ತಾರೆ ಎಂಬುದನ್ನು 1990ರ ದಶಕದ ಪ್ರಯೋಗಗಳು ತೋರಿಸಿದವು. ಅದೇ ಕಾಲದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡದ್ದು ತದ್ವಿರುದ್ಧ. ಇರುಳಲ್ಲಿ ಓಡಾಡುವ ಇಲಿಗೆ ಅಪಾಯವೆಂದರೆ ಪ್ರಖರ ಬೆಳಕು. ಯಾರಿಗೆ ಎಲ್ಲಿ ಅಪಾಯವೋ ಅಲ್ಲಿ ಅವರಿಗೆ ಅಂಜಿಕೆ.

ಬೆಚ್ಚುವಿಕೆಗೆ ಇನ್ನೊಂದು ಗುಣವಿದೆ: ಮತ್ತೆ ಮತ್ತೆ ಬೆಚ್ಚಿಸಿದರೆ ದೇಹ ಒಗ್ಗಿಕೊಳ್ಳುತ್ತದೆ. ಅರವತ್ತು ಸೆಕೆಂಡಿನಲ್ಲಿ ಐದು ಸಲ 'ಧಡಾರ್' ಎನಿಸಿದರೆ ಐದನೆಯದಕ್ಕೆ ಯಾರೂ ಅಲುಗುವುದಿಲ್ಲ. ಒಂದೇ ಹೊಡೆತ ಇರಲಿ, ಅದೂ ಕೊನೆಯಲ್ಲಿ. 1942ರ 'ಕ್ಯಾಟ್ ಪೀಪಲ್' ಚಿತ್ರದಲ್ಲಿ ರಾತ್ರಿ ಒಂಟಿಯಾಗಿ ನಡೆಯುವ ಹೆಣ್ಣಿನ ಹಿಂದೆ ಹೆಜ್ಜೆ ಸದ್ದು ಕೇಳುತ್ತದೆ. ನಿಲ್ಲುತ್ತದೆ. ಅವಳು ತಿರುಗಿ ನೋಡುತ್ತಾಳೆ. ಆಗ ಪಕ್ಕಕ್ಕೆ ಬುಸ್ಸೆಂದು ಬಂದು ನಿಲ್ಲುವುದು ಬರಿಯ ಬಸ್ಸು. ಆ ತಂತ್ರಕ್ಕೆ ನಿರ್ಮಾಪಕ ವ್ಯಾಲ್ ಲೂಟನ್ ಹೆಸರಿನಲ್ಲಿ 'ಲೂಟನ್ ಬಸ್' ಎಂಬ ಹೆಸರೇ ನಿಂತಿದೆ. ಕಪನೂರಿನ ರಸ್ತೆಯಲ್ಲಿ ಲಾರಿಯ ಏರ್ ಬ್ರೇಕು ಅದೇ ಕೆಲಸ ಮಾಡುತ್ತದೆ.

ಕಿರುಚಾಟದ ಒರಟುತನ

ಎಲ್ಲ ದೊಡ್ಡ ಸದ್ದೂ ಕಿರುಚಾಟವಲ್ಲ. ಕಿರುಚುವಾಗ ದನಿಯ ತೀವ್ರತೆ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ, ಮಾತಿನಲ್ಲಿ ಈ ಒರಟುತನ ಇರುವುದಿಲ್ಲ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಾರಿನ ಅಲಾರಾಂಗಳಲ್ಲಿಯೂ ಇದೇ ಗುಣವಿದೆ. ಪರ್ವತದ ಮಾರ್ಮಟ್ ಎಂಬ ಅಳಿಲಿನ ಜಾತಿಯ ಪ್ರಾಣಿಗಳನ್ನು ಅಧ್ಯಯನ ಮಾಡುತ್ತಿದ್ದ ಡೇನಿಯಲ್ ಬ್ಲಮ್‌ಸ್ಟೈನ್, ಕೈಗೆ ಸಿಕ್ಕ ಮರಿಗಳ ಚೀರಾಟ ತಮ್ಮ ಎದೆಯನ್ನು ಕಲಕಿದ್ದನ್ನು ಗಮನಿಸಿದರು. ಅವರೂ ಸಹೋದ್ಯೋಗಿಗಳೂ 102 ಸಿನಿಮಾಗಳ ಧ್ವನಿಪಥಗಳನ್ನು ಪರಿಶೀಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿತಿಮೀರಿ ಒತ್ತಿದ ಗಂಟಲಿನಿಂದ ಒಡೆದು ಬರುವ ಅಂಥ ಕರ್ಕಶ ಸದ್ದುಗಳು ಬೇರೆ ಬೇರೆ ಬಗೆಯ ಚಿತ್ರಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬಳಕೆಯಾಗಿದ್ದವು. ಪ್ರಾಣಿಯ ಆರ್ತನಾದದ ಗುಣವನ್ನು ಸಂಗೀತಗಾರರು ಅರಿತೋ ಅರಿಯದೆಯೋ ಅನುಕರಿಸುತ್ತ ಬಂದಿದ್ದರು. 1960ರ 'ಸೈಕೋ' ಚಿತ್ರದ ಸ್ನಾನಗೃಹದ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದವರು ನಿರ್ದೇಶಕ ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಪಿಟೀಲುಗಳನ್ನು ಚೀರಿಸಿ ಕೇಳಿಸಿದ ಮೇಲೆ ಅವರ ಮನಸ್ಸು ಬದಲಾಯಿತು.

ಉಳಿದ ಸದ್ದುಗಳಿಗೆ ಅಡುಗೆಮನೆ ಸಾಕು. ಮೂಳೆ ಮುರಿಯುವ ಸದ್ದಿಗೆ ಹಾಲಿವುಡ್ಡಿನವರು ಸೆಲರಿ ಎಂಬ ಸೊಪ್ಪಿನ ದಂಟನ್ನು ಮುರಿಯುತ್ತಾರೆ. ನಮ್ಮಲ್ಲಿ ಖಡಕ್ ಜೋಳದ ರೊಟ್ಟಿ ಇದೆ. ಫೋನಿನ ಮೈಕಿಗೆ ಹತ್ತಿರ ಹಿಡಿದು ಮುರಿದು, ಆ ಸದ್ದನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿ. ಒಣಗಿದ ತೊಗರಿ ಕಟ್ಟಿಗೆ ಮುರಿದರೆ ಬೇರೊಂದು ಗಡಸು. ಮೊರದಲ್ಲಿ ತೊಗರಿ ಕಾಳು ಮೆಲ್ಲಗೆ ಉರುಳಿಸಿದರೆ ದೂರದ ಮಳೆ. ಮೈಕಿನ ಅಂತರ ಅರ್ಧಕ್ಕಿಳಿದರೆ ಸದ್ದು 6 ಡೆಸಿಬೆಲ್ ಏರುತ್ತದೆ ಎಂಬ ನಿಯಮವನ್ನು ಪುಸ್ತಕದಲ್ಲಿ ಓದುವುದಕ್ಕಿಂತ ರೊಟ್ಟಿ ಹಿಡಿದು ಕಲಿತರೆ ಹೆಚ್ಚು ಕಾಲ ನೆನಪಿರುತ್ತದೆ.

ಆಳದ ಗುಂಯ್‌ಗುಡುವಿಕೆಯನ್ನು ಸೇರಿಸುವಾಗ ಎಚ್ಚರ ಬೇಕು. ಫೋನಿನ ಪುಟ್ಟ ಸ್ಪೀಕರಿಗೆ 60 ಹರ್ಟ್ಸ್ ಸದ್ದು ಹೊರಡಿಸಲು ಆಗದು. ಆದರೆ 120, 180, 240, 300 ಹೀಗೆ ಅದರ ಗುಣಕಗಳನ್ನು ಒಟ್ಟಿಗೆ ಕೇಳಿಸಿದರೆ, ಇಲ್ಲದ 60ನ್ನು ಮಿದುಳು ತಾನೇ ಊಹಿಸಿಕೊಂಡು ಕೇಳುತ್ತದೆ. ಇಲ್ಲದ್ದನ್ನು ಕೇಳುವುದು ಮಿದುಳಿನ ನಿತ್ಯದ ಕೆಲಸ. ದೆವ್ವದ ಕಥೆ ಹುಟ್ಟಲು ಬೇಕಾದ ಮಣ್ಣು ಇಲ್ಲೇ ಇದೆ.

ಶೆಡ್ಡು ಮಾತಾಡುವ ಬಗೆ

ಖಾಲಿ ಶೆಡ್ಡಿನಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಬೇಗ ಸಾಯುವುದಿಲ್ಲ. ಹಾರ್ವರ್ಡ್‌ನ ವ್ಯಾಲೆಸ್ ಸಬೈನ್ 1895ರಲ್ಲಿ, ಪಾಠ ಕೇಳಿಸದಷ್ಟು ಅನುರಣನವಿದ್ದ ಸಭಾಂಗಣವೊಂದನ್ನು ಸರಿಪಡಿಸಲು ಹೊರಟು ಇದಕ್ಕೊಂದು ಸೂತ್ರ ಕಂಡುಕೊಂಡರು. ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ತಂದು ಹರಡಿ, ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆಯುತ್ತಿದ್ದರು. ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಅದು ಹೀರುವ ಒಟ್ಟು ಸದ್ದಿನ ಅಳತೆಯಿಂದ ಭಾಗಿಸಿದರೆ ಸದ್ದು ಅಡಗಲು ಹಿಡಿಯುವ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ.

ನಮ್ಮ ಶೆಡ್ಡು 20 ಮೀಟರ್ ಉದ್ದ, 10 ಅಗಲ, 6 ಎತ್ತರ ಎನ್ನೋಣ. ಗಾತ್ರ 1,200 ಘನ ಮೀಟರ್. ಗೋಡೆ, ನೆಲ, ಮಾಡು ಸೇರಿ 760 ಚದರ ಮೀಟರ್. ಈ ಗಟ್ಟಿ ಮೈಗಳು ಬಿದ್ದ ಸದ್ದಿನ ಶೇ. 5ರಷ್ಟನ್ನು ಮಾತ್ರ ಹೀರುತ್ತವೆ ಎಂದಿಟ್ಟುಕೊಂಡರೆ ಉತ್ತರ 5 ಸೆಕೆಂಡು. ಈಗ 200 ಚದರ ಮೀಟರಿನಷ್ಟು ಗೋಡೆಗೆ ತುಂಬಿದ ಗೋಣಿಚೀಲ ಒಟ್ಟಿ, ಅವು ಅರ್ಧ ಸದ್ದನ್ನು ಹೀರುತ್ತವೆ ಎಂದುಕೊಂಡರೆ ಕಾಲ ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ತೊಗರಿ ತುಂಬಿದ ಗೋದಾಮು ಮಾಮೂಲಿ ಜಾಗ. ಖಾಲಿಯಾದ ಗೋದಾಮು ಅಂಜಿಸುವ ಜಾಗ. ಹೆಜ್ಜೆ ಸದ್ದು ಐದು ಸೆಕೆಂಡು ಉಳಿದರೆ ಒಬ್ಬರು ನಡೆದಾಗಲೂ ಇಬ್ಬರು ನಡೆದಂತಾಗುತ್ತದೆ.

ಇಂಥದೇ ಕೋಣೆಯೊಂದು ದೆವ್ವದ ವಿಜ್ಞಾನದಲ್ಲಿ ಹೆಸರು ಪಡೆದಿದೆ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಜನರಿಗೆ ವಿನಾಕಾರಣ ಕಳವಳವಾಗುತ್ತಿತ್ತು. ಒಮ್ಮೆ ಅವರ ಕಣ್ಣಂಚಿನಲ್ಲೇ ಬೂದು ಆಕೃತಿ ಸುಳಿಯಿತು. ಮರುದಿನ ಇಕ್ಕಳಕ್ಕೆ ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿಯೇ ಕಂಪಿಸುವುದನ್ನು ಕಂಡು ಅವರು ಹುಡುಕಿದರು. ಹೊಸದಾಗಿ ಹಾಕಿದ್ದ ಗಾಳಿ ಹೊರದೂಡುವ ಫ್ಯಾನು ಸುಮಾರು 19 ಹರ್ಟ್ಸ್‌ನ, ಕಿವಿಗೆ ಕೇಳದ ಅಲೆಯನ್ನು ಕೋಣೆಯಲ್ಲಿ ನಿಲ್ಲಿಸಿತ್ತು. 1998ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಕೋಣೆಯ ಉದ್ದ ಸುಮಾರು 9 ಮೀಟರ್. ಕಪನೂರಿನ ಶೆಡ್ಡಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ವಿಜ್ಞಾನ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಲಂಡನ್ನಿನ ಕ್ರಿಸ್ ಫ್ರೆಂಚ್ ಮತ್ತು ಸಂಗಡಿಗರು ಬೇಕೆಂದೇ ಒಂದು 'ದೆವ್ವದ ಕೋಣೆ' ಕಟ್ಟಿ, 79 ಜನರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿ, ಇಂಥ ಕೇಳದ ಅಲೆಗಳನ್ನೂ ವಿದ್ಯುತ್ಕಾಂತೀಯ ಕ್ಷೇತ್ರವನ್ನೂ ಹರಿಸಿದರು, ಕೆಲವರಿಗೆ ಹರಿಸಲಿಲ್ಲ. 2009ರಲ್ಲಿ ಬಂದ ಫಲಿತಾಂಶ: ವಿಚಿತ್ರ ಅನುಭವ ಬಹಳ ಜನರಿಗೆ ಆಯಿತು, ಅಲೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಏನೋ ಆಗಬಹುದು ಎಂದು ಮೊದಲೇ ಹೇಳಿದ್ದ ಮಾತೇ ಕಾರಣ ಎಂಬುದು ಅವರಿಗೆ ತೋಚಿದ ಅತಿ ಸರಳ ವಿವರಣೆ. ಟೀಸರ್ ಮಾಡುವವರಿಗೆ ಇದರ ಅರ್ಥ ಸ್ಪಷ್ಟ. ಕೇಳದ ಅಲೆಗಳ ಹಿಂದೆ ಓಡಬೇಡಿ. ನೋಡುವವರ ನಿರೀಕ್ಷೆಯನ್ನು ಕಟ್ಟಿ.

ಬಿಸಿಲಿನಿಂದ ಮಾಡಿದ ಇರುಳು

ಮಿದುಳು ಬೆಳಕು ಮೇಲಿನಿಂದ ಬರುತ್ತದೆ ಎಂದು ನಂಬಿ ಮುಖಗಳನ್ನು ಓದುತ್ತದೆ. ಟಾರ್ಚನ್ನು ಗದ್ದದ ಕೆಳಗೆ ಹಿಡಿದರೆ ನೆರಳು ಇರಬೇಕಾದಲ್ಲಿ ಬೆಳಕು, ಬೆಳಕು ಇರಬೇಕಾದಲ್ಲಿ ನೆರಳು. ಪರಿಚಿತ ಮುಖವನ್ನು ಗುರುತಿಸುವುದೂ ಕಷ್ಟವಾಗುತ್ತದೆ. ಗೆಳೆಯನ ಮುಖವೇ ಪರಕೀಯವಾಗುವ ಆ ಕ್ಷಣದ ಇರಿಸುಮುರಿಸು ಮುಖವಾಡದಿಂದ ಬರುವುದಿಲ್ಲ.

ಕತ್ತಲ ದೃಶ್ಯವನ್ನು ಕತ್ತಲಲ್ಲೇ ಚಿತ್ರಿಸಬೇಕು ಎಂಬುದು ಮೊದಲ ತಪ್ಪು ಕಲ್ಪನೆ. ಬೆಳಕು ಕಣಗಳಾಗಿ ಬರುತ್ತದೆ. ಒಂದು ಬಿಂದುವಿಗೆ 100 ಫೋಟಾನ್ ಬಿದ್ದರೆ ಅದರ ಏರುಪೇರು 10, ಅಂದರೆ ಶೇ. 10; ಹತ್ತು ಸಾವಿರ ಬಿದ್ದರೆ ಏರುಪೇರು 100, ಅಂದರೆ ಶೇ. 1. ಫೋನಿನ ಕತ್ತಲ ಚಿತ್ರಗಳಲ್ಲಿ ಮರಳು ಎರಚಿದಂತೆ ಕಾಣುವುದು ಬಹುಮಟ್ಟಿಗೆ ಈ ಏರುಪೇರೇ. ಆದ್ದರಿಂದ ಚೆನ್ನಾಗಿ ಬೆಳಕಿರುವಾಗ ಚಿತ್ರಿಸಿ, ಆಮೇಲೆ ಕತ್ತಲು ಮಾಡಿ. ಹಗಲನ್ನು ಇರುಳಾಗಿಸುವಾಗ ಬಣ್ಣವನ್ನು ನೀಲಿಗೆ ತಿರುಗಿಸುವುದಕ್ಕೂ ಕಾರಣವಿದೆ. ಹಗಲಿನ ಕಣ್ಣು 555 ನ್ಯಾನೋಮೀಟರ್ ಆಸುಪಾಸಿನ ಹಸಿರು-ಹಳದಿಗೆ ಹೆಚ್ಚು ಸೂಕ್ಷ್ಮ. ಇರುಳಿನ ಕಣ್ಣು 500ರ ಆಸುಪಾಸಿನ ನೀಲಿ-ಹಸಿರಿಗೆ. ಸಂಜೆಯಾದಂತೆ ಕೆಂಪು ಹೂವು ಮಂಕಾಗಿ ಎಲೆಗಳು ಎದ್ದು ಕಾಣುವುದನ್ನು ಎರಡು ಶತಮಾನಗಳ ಹಿಂದೆ ಬೊಹೇಮಿಯದ ಪುರ್ಕಿನ್ಯೆ ಗಮನಿಸಿದ್ದ.

ಬಿಸಿಲು ಕಲಬುರಗಿಗೆ ಕೊರತೆಯಿಲ್ಲದ ಸಂಪತ್ತು. ಅದನ್ನು ಬಳಸುವುದನ್ನು ಮೈಸೂರಿನ ವಿ.ಕೆ. ಮೂರ್ತಿಯವರಿಂದ ಕಲಿಯಬೇಕು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಓದಿದ ಅವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಎರಡು ದೊಡ್ಡ ಕನ್ನಡಿಗಳಿಂದ ಹೊರಗಿನ ಸೂರ್ಯನ ಬೆಳಕನ್ನು ಕತ್ತಲ ಸ್ಟುಡಿಯೋದೊಳಕ್ಕೆ ತಂದು ಆ ಪ್ರಸಿದ್ಧ ಬೆಳಕಿನ ಕೋಲನ್ನು ನಿಲ್ಲಿಸಿದರು. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಕಪನೂರಿನ ಶೆಡ್ಡಿನ ಬಾಗಿಲಲ್ಲಿ ಇಟ್ಟ ಮನೆಯ ಕನ್ನಡಿಯೂ ಅದೇ ನಿಯಮವನ್ನು ಪಾಲಿಸುತ್ತದೆ.

ಬೆಳಕಿನ ಕೋಲು ಕಾಣಬೇಕಾದರೆ ಗಾಳಿಯಲ್ಲಿ ಕಣಗಳಿರಬೇಕು. ಗುಡಿಸಿದ ಶುದ್ಧ ಕೋಣೆಯಲ್ಲಿ ಒಂದಿಷ್ಟು ಲೋಬಾನದ ಹೊಗೆ ಸಾಕು. ಆದರೆ ಬೇಳೆಯ ನುಣ್ಣನೆಯ ಹಿಟ್ಟು ತೇಲುವ ಕಡೆ ಬೆಂಕಿ, ಹೊಗೆ, ಪಟಾಕಿ ಯಾವುದೂ ಕೂಡದು. ಗಾಳಿಯಲ್ಲಿ ದಟ್ಟವಾಗಿ ಹರಡಿದ ಧಾನ್ಯದ ಧೂಳು ಕಿಡಿ ತಾಕಿದರೆ ಸ್ಫೋಟಿಸುತ್ತದೆ. ಇದು ಕಥೆಯ ಅಂಜಿಕೆಯಲ್ಲ, ನಿಜದ ಅಪಾಯ.

ಟ್ಯೂಬ್‌ಲೈಟಿನ ಬೆಳಕಿನ ದೃಶ್ಯ ಬೇಕಿದ್ದರೆ ಇನ್ನೊಂದು ಮಾತು. ನಮ್ಮ ವಿದ್ಯುತ್ತು 50 ಹರ್ಟ್ಸ್; ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನಿನ ಶಟರನ್ನು ಐವತ್ತನೇ ಒಂದು ಸೆಕೆಂಡಿಗೆ ಇಟ್ಟರೆ ಪ್ರತಿ ಚೌಕಟ್ಟಿಗೂ ಎರಡು ಪೂರ್ತಿ ಮಿನುಗು ಸಿಕ್ಕು ಚಿತ್ರ ಸ್ಥಿರವಾಗಿರುತ್ತದೆ. ಇಲ್ಲದಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ.

ಅಂಜಿಸುವವರ ಹೊಣೆ

1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಕಂತೊಂದರಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದಷ್ಟು ವೇಗದಲ್ಲಿ ಮಿನುಗಿತು. ಆರು ನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದರು. ಅನೇಕರಿಗೆ ಮೂರ್ಛೆ ಬಂದಿತ್ತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಬೇಡ ಎಂಬುದು ಇಂದು ಒಪ್ಪಿತ ನಿಯಮ. ವಿದ್ಯಾರ್ಥಿಗಳ ಟೀಸರಿಗೂ ಇದು ಅನ್ವಯಿಸುತ್ತದೆ.

ಕಲಬುರಗಿಯ ಹಫ್ತ್ ಗುಂಬಜ್ ಗೋರಿಗಳ ನಡುವೆಯೋ ಕೋಟೆಯಲ್ಲೋ ಚಿತ್ರಿಸುವ ಆಸೆ ಸಹಜ. ಅವು ಸಂರಕ್ಷಿತ ಸ್ಮಾರಕಗಳು, ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಗೋರಿಗಳು ಯಾರದೋ ಹಿರಿಯರವು ಎಂಬ ಗೌರವವೂ ಬೇಕು. ಶೆಡ್ಡಿಗೆ ಮಾಲೀಕರ ಒಪ್ಪಿಗೆ ಪಡೆಯಿರಿ, ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ. ರಾತ್ರಿ ಯಾರೋ ಕಿರುಚಿದ್ದು ಕೇಳಿ ಜನ ಓಡಿಬಂದರೆ ತಪ್ಪು ಅವರದಲ್ಲ.

ಇದಕ್ಕಿಂತ ದೊಡ್ಡದು ದೆವ್ವದ ಮುಖ ಯಾರದು ಎಂಬ ಪ್ರಶ್ನೆ. ಕೂದಲು ಕೆದರಿದ ಮುದುಕಿ, ಮಾನಸಿಕ ಕಾಯಿಲೆಯವರು, ಅಂಗವಿಕಲರು ಇವರನ್ನೇ ದೆವ್ವ ಮಾಡುವುದು ಸುಲಭ. ಆದರೆ 'ಗಾಳಿ ಬಡದದ' ಎಂದು ಹೇಳಿ ಹೆಣ್ಣುಮಕ್ಕಳನ್ನು ಹೊಡೆಯುವ, ಕಟ್ಟಿಹಾಕುವ ಕ್ರೌರ್ಯ ನಮ್ಮ ನಡುವೆ ಇತ್ತು, ಇದೆ. ಅದನ್ನು ತಡೆಯಲೆಂದೇ ಕರ್ನಾಟಕ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕಾಯಿದೆ ಮಾಡಿತು. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ ನಾಡು ಇದು. ನಮ್ಮ ಟೀಸರ್ ಆ ಪರಂಪರೆಯ ಜೊತೆ ನಿಲ್ಲಬೇಕು.

ನಿಲ್ಲುವ ದಾರಿ ಕಷ್ಟದ್ದಲ್ಲ. ಟೀಸರಿನ ಎರಡು ಆವೃತ್ತಿ ಮಾಡಿ: ಒಂದರಲ್ಲಿ ಹೊಡೆತಕ್ಕೆ ಮುಂಚೆ ಶುದ್ಧ ಮೌನ, ಇನ್ನೊಂದರಲ್ಲಿ ನೂರು ಮಿಲಿಸೆಕೆಂಡು ಮೊದಲು ಒಂದು ಸಣ್ಣ ಸದ್ದು. ಒಪ್ಪಿದ ಇಪ್ಪತ್ತು ಗೆಳೆಯರಿಗೆ, ಯಾರಿಗೆ ಯಾವುದೆಂದು ಚೀಟಿ ಎತ್ತಿ, ತೋರಿಸಿ. ಅವರ ಮುಖವನ್ನು ಇನ್ನೊಂದು ಫೋನಿನಲ್ಲಿ ಸೆರೆಹಿಡಿದು, ರೆಪ್ಪೆ ಮುಚ್ಚಿದವರನ್ನು ಎಣಿಸಿ. ಡೆನ್ಮಾರ್ಕಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 110 ಜನರಿಗೆ ಹೃದಯಬಡಿತದ ಮಾಪಕ ಕಟ್ಟಿ ದೆವ್ವದ ಮನೆಯೊಳಗೆ ಕಳಿಸಿದ್ದರು. ತೀರ ಕಡಿಮೆ ಅಂಜಿದವರಿಗೂ ತೀರ ಹೆಚ್ಚು ಅಂಜಿದವರಿಗೂ ಖುಷಿ ಕಡಿಮೆ, ನಡುವಿನವರಿಗೆ ಹೆಚ್ಚು ಎಂದು ಕಂಡುಬಂತು. ನಿಮ್ಮ ಇಪ್ಪತ್ತು ಜನರ ಅಂಕಿಗಳು ಏನು ಹೇಳುತ್ತವೆ ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯಿರಿ.

ಟೀಸರ್ ತೋರಿಸಿದ ಮೇಲೆ ಅದನ್ನು ಮಾಡಿದ ಬಗೆಯನ್ನೂ ತೋರಿಸಿ: ರೊಟ್ಟಿ, ಕನ್ನಡಿ, ಗದ್ದದ ಕೆಳಗಿನ ಟಾರ್ಚು, ಹನ್ನೆರಡು ಚೌಕಟ್ಟಿನ ಮೌನ. ವಿಜ್ಞಾನದ ಶಿಕ್ಷಕರಲ್ಲಿ ನನ್ನ ಕೋರಿಕೆಯೂ ಇದೇ. ಇಂಥ ಪ್ರಾಜೆಕ್ಟನ್ನು ಸಿನಿಮಾದ ಹುಚ್ಚೆಂದು ತಳ್ಳಬೇಡಿ, ಪ್ರಯೋಗದ ಅಂಕ ಕೊಡಿ. ತಗಡು ಕುಗ್ಗಿದಾಗ ಏಳುವ ಸದ್ದನ್ನು ಅಳೆಯಲು ಕಲಿತ ಹುಡುಗಿ ಮುಂದೊಂದು ರಾತ್ರಿ ತನ್ನ ಓಣಿಯಲ್ಲಿ ಯಾರಿಗೋ ಗಾಳಿ ಬಡಿದಿದೆ ಎಂಬ ಗದ್ದಲವೆದ್ದಾಗ, 'ಅಂಜಬ್ಯಾಡ್ರಿ, ಮೊದಲು ದವಾಖಾನಿಗಿ ಕರ್ಕೊಂಡು ಹೋಗೋಣ' ಎಂದು ಹೇಳಬಲ್ಲಳು.